ಬೆವರಿನಲ್ಲಿ ಸಿಗರೇಟು ಇಳಿದುಹೋಗುತ್ತದೆಯೇ?

ಪ್ರಶ್ನೆ: ನನಗೆ 24 ವರ್ಷ. ದಿನಾ ಸಂಜೆ ಜಿಮ್‌ಗೆ ಹೋಗುತ್ತೇನೆ. ದಿನಕ್ಕೆ ಎಂಟು ಸಿಗರೇಟು, ಭಾನುವಾರ ಕ್ರಿಕೆಟ್ ಮುಗಿದ ಮೇಲೆ ಗೆಳೆಯರ ಜತೆ ಬಿಯರ್. ಚೆನ್ನಾಗಿ ಬೆವರಿದರೆ ಎಲ್ಲ ಹೊರಗೆ ಹೋಗುತ್ತದಂತೆ, ನಿಜವೇ? ಸಿಗರೇಟು ಬಿಡಲು ವ್ಯಾಯಾಮ ನೆರವಾಗುತ್ತದೆಯೇ?
– ಓದುಗ, ಹಾಸನ

ಉತ್ತರ: ಬೆವರಿನ ಮಾತು ಸುಳ್ಳು. ಕುಡಿದ ಮದ್ಯದಲ್ಲಿ ಶೇ 90ಕ್ಕೂ ಹೆಚ್ಚನ್ನು ಕರಗಿಸುವುದು ಲಿವರ್; ನೀವು ಓಡಿದಿರೆಂದು ಅದು ಅವಸರ ಮಾಡುವುದಿಲ್ಲ. ಸಿಗರೇಟಿನ ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಹಿಡಿದುಬಿಡುತ್ತದೆ. ಜಿಮ್ ಬಾಗಿಲಲ್ಲಿ ಒಂದು ಸೇದಿ ಒಳಗೆ ಹೋದರೆ ಬೇಗ ಏದುಸಿರು ಬರುವುದು ಅದಕ್ಕೇ.

ಬಿಡುವುದಕ್ಕೆ ಮಾತ್ರ ವ್ಯಾಯಾಮ ನಿಜವಾಗಿ ನೆರವಾಗುತ್ತದೆ, ಸರಿಯಾದ ಹೊತ್ತಿಗೆ ಮಾಡಿದರೆ. ಸೇದಲೇಬೇಕು ಅನ್ನಿಸುವ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಆಗ ಹತ್ತು ನಿಮಿಷ ಬಿರುಸಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಸಂಜೆಯ ಒಂದು ಗಂಟೆ ಜಿಮ್ ಬೆಳಗಿನ ಕಾಫಿಯ ನಂತರದ ತುಡಿತವನ್ನು ತಡೆಯಲಾರದು. ಹಾಗಾಗಿ ನೀವು ಸೇದುವ ಹೊತ್ತುಗಳಿಗೇ ನಡಿಗೆ ಇಟ್ಟುಕೊಳ್ಳಿ. ಮಹಾರಾಜ ಪಾರ್ಕ್ ಹತ್ತಿರವಿದ್ದರೆ ಅಲ್ಲೇ ಸುತ್ತು ಹಾಕಿ, ಆದರೆ ಸಿಗರೇಟು ಕೊಳ್ಳುವ ಅಂಗಡಿಯ ಮುಂದಿನ ದಾರಿ ಬೇಡ.

ನಡಿಗೆಯೊಂದರಿಂದಲೇ ಬಿಟ್ಟು ಉಳಿಯುವವರು ಕಡಿಮೆ. ಜತೆಗೆ 2 ಮಿ.ಗ್ರಾಂ. ನಿಕೋಟಿನ್ ಗಮ್ ಬಳಸಬಹುದು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕಾಗುತ್ತಿದ್ದರೆ 4 ಮಿ.ಗ್ರಾಂ. ಬಗ್ಗೆ ವೈದ್ಯರನ್ನು ಕೇಳಿ. ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ಓಕರಿಕೆ ಬರುತ್ತದೆ. ನಿಧಾನ ಅಗಿದು, ಖಾರ ಎನ್ನಿಸಿದ ಕೂಡಲೇ ಕೆನ್ನೆ–ವಸಡಿನ ನಡುವೆ ಇಟ್ಟುಕೊಳ್ಳಿ. ಖಾರ ಇಳಿದರೆ ಮತ್ತೆ ಅಗಿಯಿರಿ. ಅದಕ್ಕೆ 15 ನಿಮಿಷ ಮುಂಚೆ ಕಾಫಿ, ನಿಂಬೆ ಪಾನಕ ಕುಡಿಯಬೇಡಿ, ಹುಳಿಯಿಂದ ಗಮ್ ಕೆಲಸ ಮಾಡುವುದಿಲ್ಲ.

ಕಾಫಿ ಸೀಮೆಯವರಿಗೆ ಮುಖ್ಯವಾದ ಇನ್ನೊಂದು ಮಾತು. ಸಿಗರೇಟಿನ ಹೊಗೆ ಕೆಫೀನನ್ನು ದೇಹದಿಂದ ಬೇಗ ಕಳಿಸುತ್ತದೆ. ಬಿಟ್ಟ ಮೇಲೆ ಅದೇ ನಾಲ್ಕು ಲೋಟ ಕಾಫಿ ಹೆಚ್ಚು ಹೊತ್ತು ಒಳಗೇ ಉಳಿದು ಎದೆ ಡವಗುಟ್ಟುತ್ತದೆ, ನಿದ್ದೆ ಹಾರುತ್ತದೆ. ಸಿಗರೇಟು ಬಿಟ್ಟಿದ್ದಕ್ಕೇ ಹೀಗೆ ಎಂದುಕೊಂಡು ಎಷ್ಟೋ ಹುಡುಗರು ಮತ್ತೆ ಹಚ್ಚುತ್ತಾರೆ. ಮೊದಲ ದಿನದಿಂದಲೇ ಕಾಫಿ ಅರ್ಧಕ್ಕಿಳಿಸಿ. ಜಿಮ್‌ಗೆ ಮುಂಚೆ ಕುಡಿಯುವ ಪ್ರಿ-ವರ್ಕೌಟ್ ಪುಡಿಯಲ್ಲೂ ಕೆಫೀನ್ ಇರುತ್ತದೆ, ಡಬ್ಬಿ ಓದಿ ನೋಡಿ.

ಬಿಯರ್ ವಿಷಯ: ಆಟವಾಡುವ ಯುವಕರು ಸಾಮಾನ್ಯವಾಗಿ ಸೇದುವುದು ಕಡಿಮೆಯಾದರೂ, ಕುಡಿಯುವುದು ಅಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚು. ಇದನ್ನು ಅನೇಕ ಅಧ್ಯಯನಗಳು ಕಂಡಿವೆ. ಬಿಟ್ಟವರು ಜಾರುವುದೂ ಕುಡಿತದ ನಡುವೆಯೇ. ಮೊದಲ ತಿಂಗಳು ಪಂದ್ಯ ಮುಗಿದೊಡನೆ ಅರ್ಧ ಲೀಟರ್ ನೀರು ಕುಡಿದು, ಹೊಟ್ಟೆತುಂಬ ಊಟ ಮಾಡಿ ಮನೆಗೆ ಹೊರಡಿ. ತಂಬಾಕು ಬಿಡುವವರ ಉಚಿತ ಸಹಾಯವಾಣಿ: 1800-11-2356.

ಪ್ರಶ್ನೆ: 27 ವರ್ಷದ ಮಗ ಕೆಲವು ವರ್ಷಗಳಿಂದ ದಿನಾ ಕುಡಿಯುತ್ತಾನೆ. ಒಂದು ದಿನ ತಪ್ಪಿದರೂ ಕೈ ನಡುಗುತ್ತದೆ. ‘ಒಮ್ಮೆಗೇ ಬಿಟ್ಟು ಬೆಳಿಗ್ಗೆ ಓಡುತ್ತೇನೆ, ಸರಿಹೋಗುತ್ತದೆ’ ಎನ್ನುತ್ತಾನೆ.
– ಒಬ್ಬ ತಾಯಿ, ಸಕಲೇಶಪುರ

ಉತ್ತರ: ಬೇಡ ತಾಯಿ, ಇಲ್ಲಿ ಓಟ ಮೊದಲಲ್ಲ. ಕೈ ನಡುಗುವವರು ಮನೆಯಲ್ಲೇ ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ, ಗೊಂದಲ ಶುರುವಾಗಬಹುದು. ಪ್ರಾಣಕ್ಕೇ ಅಪಾಯ. ನಿಲ್ಲಿಸುವ ಮುಂಚೆಯೇ ಹಾಸನದ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಕೆಲವು ದಿನಗಳ ಮಾತ್ರೆ, ಜತೆಗೆ ಬಿ1 ವಿಟಮಿನ್ ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ನಡುಕ ನಿಂತು, ಊಟ–ನಿದ್ದೆ ಸರಿಯಾದ ಮೇಲೆ ವೈದ್ಯರನ್ನು ಕೇಳಿ 20 ನಿಮಿಷದ ನಡಿಗೆಯಿಂದ ಶುರುಮಾಡಲಿ. ಅಷ್ಟರೊಳಗೆ ಫಿಟ್ಸ್ ಬಂದರೆ, ಇಲ್ಲದ್ದು ಕಾಣುತ್ತಿದೆ ಎಂದರೆ, ಕಾಯದೆ 108ಕ್ಕೆ ಕರೆಮಾಡಿ.