ಆಂಧ್ರಕ್ಕೆ ಹೋಗು ಅಂದೆಯಲ್ಲ

ಮೊನ್ನೆ ಊಟದ ಹೊತ್ತಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಉತ್ತರ ಕರ್ನಾಟಕ ಬ್ಯಾರೆ ರಾಜ್ಯ ಆದ್ರ ನಿನಗೇನ್ ತ್ರಾಸೋ? ದಕ್ಷಿಣದಾವ್ರು ಎಲ್ಲಾ ನೀವ ತಿಂದೀರಿ. ಅದ್ರಾಗ ನೀ ಮನ್ಯಾಗ ತೆಲುಗು ಮಾತಾಡಾಂವ, ಆಂಧ್ರಕ್ಕ ಹೋಗಿಬಿಡು." ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ನನ್ನ ತಟ್ಟೆಯಲ್ಲಿದ್ದದ್ದು ನಿಮ್ಮಮ್ಮ ಕಳಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅದನ್ನು ತಿನ್ನುತ್ತಾ ನಿನ್ನ ಜೊತೆ ಜಗಳ ಆಡೋದು ಹೇಗೆ?

ಆಂಧ್ರಕ್ಕೆ ನಾನು ಹೋಗುತ್ತಲೇ ಇರುತ್ತೇನೆ ಮಾರಾಯ. ಊರಿಗೆ ಹೋದಾಗಲೆಲ್ಲ ಎರಡೆರಡು ಸಲ. ನಮ್ಮ ಪಾವಗಡ ತುಮಕೂರು ಜಿಲ್ಲೆಯ ತಾಲ್ಲೂಕು, ಆದರೆ ಜಿಲ್ಲೆಗೆ ಅಂಟಿಕೊಂಡಿಲ್ಲ. ಸುತ್ತ ಆಂಧ್ರ. ಪಶ್ಚಿಮಕ್ಕೆ ಮಾತ್ರ ಚಿತ್ರದುರ್ಗ ಜಿಲ್ಲೆ ತಾಗುತ್ತದೆ. ತುಮಕೂರಿನಿಂದ ಹೊರಟು ಮಧುಗಿರಿ, ಮಿಡಿಗೇಶಿ ದಾಟಿದರೆ ಆಂಧ್ರದ ಮಡಕಶಿರಾ ಸೀಮೆ ಅಡ್ಡ ಬರುತ್ತದೆ. ಅದನ್ನು ದಾಟಿದರೆ ಮತ್ತೆ ಕರ್ನಾಟಕ. ಡಿಸಿ ಆಫೀಸಿನಲ್ಲಿ ಒಂದು ಅರ್ಜಿ ಕೊಡಬೇಕಾದರೂ ನಮಗೆ ಹೊರರಾಜ್ಯ ಪ್ರವಾಸ.

ಹೀಗ್ಯಾಕೆ ಅಂದರೆ, ಪಾವಗಡ ಮೈಸೂರು ಸಂಸ್ಥಾನದ್ದು. ಅನಂತಪುರದ ಕಡೆಯದು ನಿಜಾಮ 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ನೆಲ, ಆಮೇಲೆ ಮದ್ರಾಸಿಗೆ ಸೇರಿತ್ತು. ರಾಜರ ಕಾಲದ ಗೆರೆ 1956ರಲ್ಲೂ ಹಾಗೇ ಉಳಿಯಿತು. ಭಾಷೆ ನೋಡಿ ರಾಜ್ಯ ಮಾಡಿದರು ಅಂತ ಓದಿದ್ದೇವೆ ಅಲ್ವಾ? ನಮ್ಮ ಸಂತೆಗೆ ಬಾ. ಮಡಕಶಿರಾ ಕಡೆಯವನು ಕನ್ನಡದಲ್ಲಿ ರೇಟು ಹೇಳುತ್ತಾನೆ, ಕರ್ನಾಟಕದ ನಾನು ತೆಲುಗಿನಲ್ಲಿ ಚೌಕಾಸಿ ಮಾಡುತ್ತೇನೆ. ನೊಳಂಬರ ರಾಜಧಾನಿ ಹೇಮಾವತಿ, ಹಳೆಯ ಹೆಂಜೇರು, ಆಂಧ್ರದಲ್ಲಿದೆ. ಅಲ್ಲಿ ಕನ್ನಡ ಶಾಸನಗಳಿವೆ. ಯಾರನ್ನು ಎಲ್ಲಿಗೆ ಕಳಿಸುತ್ತೀಯ ಹೇಳು.

ಈಗ ಅಸಲು ವಿಷಯ. ರಾಜ್ಯ ಒಡೆಯೋದು ಅಂದರೆ ಏನು ಅಂತ ನಾನು ಬಸ್ಸಿನಲ್ಲಿ ಕೂತು ನೋಡಿದ್ದೇನೆ. 2013ರ ಜುಲೈ 30ಕ್ಕೆ ತೆಲಂಗಾಣ ಕೊಡುವ ತೀರ್ಮಾನವನ್ನು ಕಾಂಗ್ರೆಸ್ ಮಾಡಿತು. ಅನಂತಪುರದ ಕಡೆ, ಆಂಧ್ರ ಒಡೆಯಬೇಡಿ ಅನ್ನೋ ಸಮೈಕ್ಯಾಂಧ್ರ ಚಳವಳಿ ಹೊತ್ತಿಕೊಂಡಿತು. ಆಗಸ್ಟಿನಲ್ಲಿ ಅಪ್ಪನಿಗೆ ತುಮಕೂರಿನಲ್ಲಿ ಕಣ್ಣಿನ ಪೊರೆ ತೆಗೆಸಿ ವಾಪಸ್ ಕರೆದುಕೊಂಡು ಬರುತ್ತಿದ್ದೆ. ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಡ್ರಾಪ್ಸಿನ ಕವರು. ಮಡಕಶಿರಾ ಸೀಮೆಯಲ್ಲಿ ರಸ್ತೆಗೆ ಜಾಲಿ ಮುಳ್ಳು ಎಳೆದು ಹಾಕಿದ್ದರು, ಪಕ್ಕದಲ್ಲಿ ಟೈರು ಉರಿಯುತ್ತಿತ್ತು. ಒಬ್ಬ ಹುಡುಗ ಬಸ್ಸು ಹತ್ತಿ "ಬಂದ್ ಅನ್ನಾ, ದಿಗಂಡಿ" ಅಂದ, ಇಳೀರಿ ಅಂತ. ಇದು ಕರ್ನಾಟಕದ ಗಾಡಿ, ಒಳಗಿರೋರೂ ಕರ್ನಾಟಕದೋರು, ಹೋಗ್ತಿರೋದೂ ಕರ್ನಾಟಕಕ್ಕೆ ಅಂತ ಕಂಡಕ್ಟರು ಮೂರು ಸಲ ಹೇಳಿದ. ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ, ದಾರಿಯನ್ನೂ ಬಿಡಲಿಲ್ಲ.

ಹುಣಸೆ ಮರದ ಕೆಳಗೆ ಟವಲು ಹಾಸಿ ಅಪ್ಪನನ್ನು ಕೂರಿಸಿದೆ. "ಯಾರ ಜಗಳಾನೋ ಇದು?" ಅಂದರು. ಹೈದರಾಬಾದು ಯಾರಿಗೆ ಅನ್ನೋ ಜಗಳ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೆ ನಾನ್ಯಾಕೆ ಇಳೀಬೇಕು?" ಅಂದರು. ಮೂರು ಗಂಟೆ ಅಲ್ಲೇ ಕೂತಿದ್ದೆವು. ಆ ಪ್ರಶ್ನೆಗೆ ನನ್ನ ಹತ್ತಿರ ಆಗಲೂ ಉತ್ತರ ಇರಲಿಲ್ಲ.

2020ರ ಲಾಕ್‌ಡೌನ್ ಕಥೆಯೂ ಇಂಥದ್ದೇ. ಜಿಲ್ಲೆಯೊಳಗೆ ಓಡಾಡಬಹುದು, ರಾಜ್ಯ ದಾಟುವಂತಿಲ್ಲ. ಜಿಲ್ಲೆಯೊಳಗೆ ಓಡಾಡಲು ರಾಜ್ಯ ದಾಟಬೇಕಾದವನು ಏನು ಮಾಡಬೇಕು ಅಂತ ಯಾವ ಆದೇಶದಲ್ಲೂ ಬರೆದಿರಲಿಲ್ಲ. ನಾನು ಚಳ್ಳಕೆರೆ ಕಡೆಯಿಂದ ಸುತ್ತಿ ಹೋದೆ.

ಇದೆಲ್ಲ ಬರೀ ಭಾಷಣದ ಮಾತು, ಆಗಲ್ಲ ಬಿಡು ಅಂತ ನಾನು ಹೇಳಲ್ಲ. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ತೆಲಂಗಾಣ ಮಸೂದೆ ಬೇಡ ಅಂತ ತಳ್ಳಿತು. ಪಾರ್ಲಿಮೆಂಟು ಮರುತಿಂಗಳೇ ಪಾಸು ಮಾಡಿತು. ಸಂವಿಧಾನದ 3ನೇ ವಿಧಿ ಇರುವುದೇ ಹಾಗೆ. ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಬೇಕು ಅಂತೇನಿಲ್ಲ. ಹಾಗಾಗಿ ಉಮೇಶ್ ಕತ್ತಿ ಮಂತ್ರಿಯಾಗಿದ್ದಾಗಲೂ ಪ್ರತ್ಯೇಕ ರಾಜ್ಯ ಅಂದಾಗ ಬೆಂಗಳೂರಿನವರು ತಮಾಷೆ ಮಾಡಿದರು, ನನಗೆ ಮಾತ್ರ ಜಾಲಿ ಮುಳ್ಳು ನೆನಪಾಯಿತು.

ನಿನ್ನ ಸಿಟ್ಟು ಸುಳ್ಳಲ್ಲ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಕಟ್ಟಿದರು, ವರ್ಷದಲ್ಲಿ ಕೆಲವು ದಿನ ಅಧಿವೇಶನ, ಉಳಿದಂತೆ ಬಿಕೋ. ಕಲಬುರಗಿ, ರಾಯಚೂರಿನವರಿಗೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಬರಲೇಬೇಕಿತ್ತು. ಆದರೆ ದಕ್ಷಿಣದವರು ಎಲ್ಲಾ ತಿಂದರು ಅನ್ನುವಾಗ ನನ್ನ ತಟ್ಟೆ ಒಂದು ಸಲ ನೋಡು. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕು ಹಿಂದುಳಿದಿವೆ ಅಂದಿತು. ಅದರಲ್ಲಿ 59 ನಿಮ್ಮ ಕಡೆ, 55 ನಮ್ಮ ಕಡೆ. ಪಾವಗಡವೂ ಆ ಪಟ್ಟಿಯಲ್ಲಿದೆ. ನಮ್ಮ ಬೋರಿನ ನೀರಿನಲ್ಲಿ ಫ್ಲೋರೈಡು. ಮಳೆಯಂತೂ ನಂಬುವಂಥದ್ದಲ್ಲ. ಇರೋದು ಬಿಸಿಲು. ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಹಾಕಿದ್ದಾರೆ, 2,050 ಮೆಗಾವ್ಯಾಟ್. ಕಡಲೆಕಾಯಿ ಹಾಕುತ್ತಿದ್ದವರು ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಗೆ ಹೊಲ ಕೊಟ್ಟರು. ಬಿಸಿಲನ್ನೂ ಮಾರಿಕೊಂಡು ಕೂತಿದ್ದೇವೆ. ನಾವು ತಿಂದದ್ದು ಇಷ್ಟು.

ಇನ್ನು ಕುಡಿಯೋ ನೀರು. ನಮಗೆ ಪೈಪಿನಲ್ಲಿ ತರುತ್ತಿರೋದು ತುಂಗಭದ್ರಾ ಡ್ಯಾಮಿನ ಹಿನ್ನೀರು. ಹೊಸಪೇಟೆಯ ಕಡೆಯದು, ಅಂದರೆ ನೀನು ಬೇರೆ ಮಾಡಬೇಕು ಅನ್ನೋ ಕಡೆಯದು. ನಾಳೆ ನಡುವೆ ನೀನೊಂದು ಗೆರೆ ಎಳೆದರೆ, ನಮ್ಮಮ್ಮ ಹಿಡಿಯೋ ಬಿಂದಿಗೆ ನೀರು ಎರಡು ರಾಜ್ಯಗಳ ವ್ಯಾಜ್ಯ ಆಗುತ್ತದೆ. ಆ ನದಿ ಮೇಲೆ ಈಗಿರೋ ವ್ಯಾಜ್ಯ ಸಾಲದಾ?

ತೆಲುಗಿನ ವಿಷಯಕ್ಕೆ ಜಾಸ್ತಿ ಹೇಳಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎರಡೂ ನನ್ನವೇ. ಹೆಸರು ಬದಲಾಯಿಸಿದರೆ ಎಲ್ಲಾ ಸರಿಹೋಗುತ್ತದೆ ಅಂತ ಕೆಲವರಿಗಿದೆ. ನಮ್ಮಂಥದ್ದೇ ಗಡಿ ಊರು ಬಾಗೇಪಲ್ಲಿಗೆ 2025ರಲ್ಲಿ ಸಂಪುಟ ಭಾಗ್ಯನಗರ ಅಂತ ಹೆಸರಿಡಲು ತೀರ್ಮಾನಿಸಿತು. ಹೈದರಾಬಾದಿಗೂ ಕೆಲವರು ಅದೇ ಹೆಸರು ಕೇಳುತ್ತಿದ್ದಾರೆ, ಎರಡೂ ಇರೋದು ಒಂದೇ ಹೈವೇ ಮೇಲೆ. ಮುಂದೆ ಕಂಡಕ್ಟರುಗಳ ಪಾಡು ದೇವರಿಗೇ ಪ್ರೀತಿ.

ನಗಬೇಕು ಅಂದರೆ ಇದಕ್ಕೂ ನಗು. ನಾವೂ ಒಡೆಯಿರಿ ಅಂತಲೇ ಕೇಳುತ್ತಿದ್ದೇವೆ. ತುಮಕೂರು ದೂರ, ಮಧುಗಿರಿಯನ್ನು ಜಿಲ್ಲೆ ಮಾಡಿ ಅಂತ ಎಷ್ಟೋ ವರ್ಷದ ಕೂಗು. ನಾನೂ ಅದಕ್ಕೆ ಸಹಿ ಹಾಕಿದ್ದೇನೆ. ಆಮೇಲೆ ಮನೆಗೆ ಬಂದು ಯೋಚನೆ ಮಾಡಿದರೆ, ಮಧುಗಿರಿಗೆ ಹೋಗೋಕೂ ಆಂಧ್ರ ದಾಟಲೇಬೇಕು!

ದಸರಾ ರಜೆಗೆ ಊರಿಗೆ ಬರುತ್ತೇನೆ ಅಂದಿದ್ದೀಯ. ಬಾ. ಶನಿವಾರ ಮಾತ್ರ ಬೇಡ, ಶನಿಮಹಾತ್ಮನ ಗುಡಿಗೆ ಜನ ಜಾಸ್ತಿ, ಗಾಡಿ ನಿಲ್ಲಿಸಲು ಜಾಗ ಸಿಗಲ್ಲ. ಮಿಡಿಗೇಶಿ ದಾಟಿ ಸ್ವಲ್ಪ ದೂರಕ್ಕೆ ತೆಲುಗು ಬೋರ್ಡುಗಳು ಶುರುವಾಗುತ್ತವೆ. ದಾರಿ ತಪ್ಪಿತು ಅಂತ ಗಾಡಿ ತಿರುಗಿಸಬೇಡ, ನೇರ ಬಾ.