ಗುಡ್ಡ ಹತ್ತಿದರೂ ಗೂಳಿ ಕಾಣಲಿಲ್ಲ!

ಪ್ರಶ್ನೆ: ಸರ್, ಹೋದ ಭಾನುವಾರ ನಾಲ್ಕು ಜನ ಗೆಳೆಯರು ಕಪ್ಪಗಲ್ಲಿನ ಹಿರೇಗುಡ್ಡಕ್ಕೆ ಹೋಗಿದ್ದೆವು. ಬಂಡೆ ಮೇಲೆ ನೂರಾರು ಹಳೇ ಚಿತ್ರಗಳಿವೆ ಅಂತ ಕೇಳಿದ್ದೆವು. ನಾಷ್ಟಾ ಮುಗಿಸಿ ಹೊರಟು ಹನ್ನೆರಡಕ್ಕೆ ಮೇಲಿದ್ದೆವು. ಎರಡು ತಾಸು ಸುತ್ತಿದರೂ ಸಿಕ್ಕಿದ್ದು ಎರಡು ಎತ್ತು, ಮತ್ತೆ ಯಾರೋ ಪ್ರೇಮಿಗಳ ಹೆಸರು! ಹಳೇದು ಯಾವುದು, ಹೊಸದು ಯಾವುದು ಅಂತ ತಿಳಿಯೋದು ಹೇಗೆ?
– ಓದುಗ, ಬಳ್ಳಾರಿ

ಉತ್ತರ: ಹನ್ನೆರಡಕ್ಕೆ ಹತ್ತಿದ್ದೇ ಎಡವಟ್ಟು. ನಮ್ಮ ಬಳ್ಳಾರಿ ಬಿಸಿಲಲ್ಲಿ ಆ ಹೊತ್ತಿಗೆ ಗುಡ್ಡ ಹತ್ತಿದ್ದಕ್ಕೆ ನಿಮಗೊಂದು ನಮಸ್ಕಾರ, ಅದು ಬೇರೆ ಮಾತು. ಈ ಚಿತ್ರಗಳು ದೇವಸ್ಥಾನದ ಶಿಲ್ಪದ ಹಾಗೆ ಆಳವಾಗಿ ಕೆತ್ತಿದವಲ್ಲ. ಬೀಸುಕಲ್ಲು ಸವೆದಾಗ ಕಟೆಸುತ್ತಿದ್ದರಲ್ಲ, ಆಗ ಕಲ್ಲಿನ ಮೇಲೆ ಬಿಳಿ ಚುಕ್ಕಿ ಏಳುತ್ತಿದ್ದವು ನೋಡಿ, ಅದೇ ಕೆಲಸ. ಇನ್ನೊಂದು ಕಲ್ಲಿನಿಂದ ಕುಟ್ಟಿ ಕುಟ್ಟಿ ಮೇಲಿನ ಕಪ್ಪು ಪದರ ಎಬ್ಬಿಸಿದ್ದಾರೆ, ಅಷ್ಟೇ. ಸೂರ್ಯ ನೆತ್ತಿ ಮೇಲಿದ್ದರೆ ಕಲ್ಲು ಥಳಥಳ ಹೊಳೆಯುತ್ತದೆ, ಚಿತ್ರ ಅದರಲ್ಲೇ ಮುಳುಗಿಹೋಗುತ್ತದೆ. ಬೆಳಿಗ್ಗೆ ಏಳರೊಳಗೆ ಹೋಗಿ, ಇಲ್ಲವಾದರೆ ಸಂಜೆ ಐದರ ಮೇಲೆ. ಓರೆ ಬೆಳಕು ಬಿದ್ದರೆ, ನೀವು ಪಕ್ಕಕ್ಕೆ ಸರಿದು ನೋಡಿದರೆ, ಮೊನ್ನೆ ಖಾಲಿ ಅನ್ನಿಸಿದ ಅದೇ ಬಂಡೆಯಲ್ಲಿ ಉದ್ದ ಕೊಂಬಿನ, ಹಿಣಿಲಿನ ಗೂಳಿಗಳು ಒಂದೊಂದಾಗಿ ಏಳುತ್ತವೆ.

ಇನ್ನೊಂದು ವಿಷಯ. ಬಹುಶಃ ನೀವು ಗುಂಡು ಗುಂಡಾದ ಗ್ರಾನೈಟ್ ಬಂಡೆಗಳಲ್ಲೇ ಹುಡುಕಿದ್ದೀರಿ. ಗ್ರಾನೈಟನ್ನು ಸೀಳಿಕೊಂಡು ಕರಿಕಲ್ಲಿನ ಒಂದು ಪಟ್ಟಿ ಓಡುತ್ತದೆ, ಡಾಲರೈಟ್ ಅನ್ನುತ್ತಾರೆ. ಚಿತ್ರ ಜಾಸ್ತಿ ಇರುವುದು ಅದರ ಮೇಲೆ. ಊರ ಹೆಸರೇ ಕಪ್ಪಗಲ್ಲು, ನೆನಪಿಡೋಕೆ ಸುಲಭ ಅಲ್ವಾ? ಹೊಸ ಕಲ್ಲಿನ ಯುಗದವರು, ಅಂದರೆ ಸುಮಾರು 4000 ವರ್ಷದ ಹಿಂದೆ ಇಲ್ಲಿ ದನ ಸಾಕಿ, ಕೊರಲೆ, ಹುರುಳಿ ಬೆಳೆದವರು, ಕೊಡಲಿ ಮಾಡಿಕೊಂಡಿದ್ದೂ ಇದೇ ಕಲ್ಲಿನಲ್ಲಿ.

ಹಳೇದು, ಹೊಸದು ಅಂದಿರಿ. ಬಣ್ಣ ನೋಡಿ. ಈ ಕಲ್ಲಿನಲ್ಲಿ ಕಬ್ಬಿಣದ ಅಂಶ ಇದೆ. ಕುಟ್ಟಿದ ಜಾಗ ಮೊದಲು ಬೆಳ್ಳಗಿರುತ್ತದೆ, ಗಾಳಿ ಮಳೆಗೆ ಮೆಲ್ಲಗೆ ಮತ್ತೆ ಕಪ್ಪಾಗುತ್ತದೆ. ಕಲ್ಲಿನ ಬಣ್ಣಕ್ಕೆ ಹತ್ತಿರ ಬಂದಷ್ಟೂ ಹಳೇದು. ಇದರಿಂದ ಇಸವಿ ಹೇಳೋಕಾಗುವುದಿಲ್ಲ, ಒಂದೇ ಬಂಡೆಯಲ್ಲಿ ಯಾವುದು ಹಿರಿಯ, ಯಾವುದು ಕಿರಿಯ ಅನ್ನುವಷ್ಟು ಸಾಕು. ಎಲ್ಲವೂ ಹೊಸ ಕಲ್ಲಿನ ಯುಗದ್ದಲ್ಲ, ಆಮೇಲೆ ಬಂದವರೂ ಸೇರಿಸುತ್ತಲೇ ಹೋಗಿದ್ದಾರೆ. ನಿಮಗೆ ಸಿಕ್ಕ ಪ್ರೇಮಿಗಳ ಹೆಸರು ಅಷ್ಟು ಚೆನ್ನಾಗಿ ಕಂಡಿದ್ದೂ ಅದಕ್ಕೇ, ಅವು ಇನ್ನೂ ಬೆಳ್ಳಗಿವೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಫೋಟೊ ಚೆನ್ನಾಗಿ ಬರಲಿ ಅಂತ ಚಾಕ್‌ಪೀಸಿನಿಂದ ತಿದ್ದಬೇಡಿ, ನೀರೂ ಸುರಿಯಬೇಡಿ. ಕೆಲವು ಕಲ್ಲುಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ, ಕುಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಆಸೆ ಆಗುತ್ತದೆ, ಗೊತ್ತು. ಆದರೆ ಬಂದವರೆಲ್ಲ ಒಂದೊಂದು ಏಟು ಕೊಟ್ಟರೆ? ಹೋಗುವ ಮೊದಲು ಬಳ್ಳಾರಿಯಲ್ಲೇ ಇರುವ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಒಂದು ತಾಸು ಕೊಡಿ. ಏನು ಹುಡುಕಬೇಕು ಅಂತ ಕಣ್ಣಿಗೆ ಗೊತ್ತಾಗುತ್ತದೆ.

ಪ್ರಶ್ನೆ: ಹಿರೇಬೆಣಕಲ್‌ನ ಮೋರ್ಯರ ಮನೆಗಳಲ್ಲಿ ಕುಳ್ಳ ಜನ ಇದ್ದರಂತೆ, ನಿಜವೇ?
– ಓದುಗಿ, ಗಂಗಾವತಿ

ಉತ್ತರ: ಇಲ್ಲ ಮೇಡಂ, ಅವು ಸತ್ತವರಿಗಾಗಿ ಕಟ್ಟಿದ ಕಲ್ಮನೆಗಳು. ಚಪ್ಪಡಿಯಲ್ಲಿ ಕೊರೆದ ಆ ದುಂಡು ಕಿಂಡಿ ನೋಡಿಯೇ ಜನ ಕುಳ್ಳರ ಕಥೆ ಕಟ್ಟಿರಬೇಕು. ಕಥೆ ಚೆನ್ನಾಗಿದೆ, ಮಕ್ಕಳಿಗೆ ಹೇಳಿ. ಅಲ್ಲಿ ಬಂಡೆಯ ಆಸರೆಗಳಲ್ಲಿ ಚಿತ್ರಗಳೂ ಇವೆ. ಅವು ಕುಟ್ಟಿದವಲ್ಲ, ಕೆಮ್ಮಣ್ಣಿನ ಬಣ್ಣದಲ್ಲಿ ಬರೆದವು. ನೆರಳಲ್ಲಿರುವುದರಿಂದ ಹೊತ್ತೇರಿದ ಮೇಲೂ ಕಾಣುತ್ತವೆ. ಆದರೆ ಏರು ಹಾದಿ, ಒಬ್ಬೊಬ್ಬರಿಗೂ 2 ಲೀಟರ್ ಕುಡಿಯುವ ನೀರು ಇರಲಿ.