ಜಿಯೋಲೈಟ್ ಫಿಲ್ಟರ್ ಹಾಕಿದರೆ ಬೋರ್ ನೀರು ಕುಡಿಯಬಹುದಾ?

ನಿಮ್ಮದು ಮಳವಳ್ಳಿ ಕಡೆ ಊರು, ಮನೆಗೆ ಬೋರ್ ನೀರು, ಟಿಡಿಎಸ್ ಮೀಟರ್ 900 ತೋರಿಸುತ್ತೆ. ಆರ್‌ಒ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ನೀರು ಚರಂಡಿ ಪಾಲು. ಅದರ ಬದಲು ನೈಸರ್ಗಿಕ ಜಿಯೋಲೈಟ್ (ನೆಲದಿಂದ ಅಗೆದು ತೆಗೆದ ಒಂದು ಥರದ ಕಲ್ಲು) ತುಂಬಿದ ಫಿಲ್ಟರ್ ಒಂದೇ ಸಾಕು, ಗಡಸು, ಫ್ಲೋರೈಡ್, ಕ್ರಿಮಿ ಎಲ್ಲಾ ಹೋಗುತ್ತೆ ಅಂತ ಮಾರುವವರು ಹೇಳಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಮನೆಯಲ್ಲಿ ನಾಲ್ಕು ತಿಂಗಳ ಕೂಸಿದೆ ಅಂತಲೂ ಬರೆದಿದ್ದೀರಿ. ಆ ಒಂದು ಮಾತಿಗೋಸ್ಕರ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈಗಲೇ ದುಡ್ಡು ಕೊಡಬೇಡಿ. ಜಿಯೋಲೈಟ್ ಒಳ್ಳೆಯ ವಸ್ತು, ನಮ್ಮ ಅಣ್ಣನ ಮನೆ ಬಾವಿ ನೀರಿಗೆ ನಾನೇ ಕೈಯಾರೆ ಹಾಕಿದ್ದೇನೆ. ಆದರೆ ನಿಮ್ಮ ನೀರಲ್ಲಿ ಏನಿದೆ ಅನ್ನೋದು ನಿಮಗೂ ಗೊತ್ತಿಲ್ಲ, ಮಾರುವವರಿಗೂ ಗೊತ್ತಿಲ್ಲ. ಟಿಡಿಎಸ್ 900 ಅಂದರೆ ಇಷ್ಟು ಲವಣ ಕರಗಿದೆ ಅಂತ ಅಷ್ಟೇ. ಯಾವ ಲವಣ ಅಂತ ಆ ಮೀಟರ್ ಹೇಳಲ್ಲ.

ನಾನು ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೀರು ನೋಡಿಕೊಳ್ಳುವ ಕೆಲಸದಲ್ಲಿ ಬಹಳ ವರ್ಷ ಇದ್ದೆ. ಬೆಳಿಗ್ಗೆ ಹೋದ ತಕ್ಷಣ ಮೊದಲ ಕೆಲಸ ಗಡಸುತನ ನೋಡೋದು. ಫ್ಲಾಸ್ಕಿಗೆ ನೀರು ಹಾಕಿ, ಬಫರ್ ಬಿಟ್ಟು, ಚಿಟಿಕೆ ಇಂಡಿಕೇಟರ್ ಉದುರಿಸಿದರೆ ಗಡಸು ನೀರು ನೇರಳೆ ಹಣ್ಣು ಹಿಂಡಿದ ಹಾಗೆ ಕೆಂಪಗಾಗುತ್ತೆ. ಬ್ಯೂರೆಟ್ಟಿಂದ, ಗಡಸನ್ನು ಕಟ್ಟಿಹಾಕುವ ಇಡಿಟಿಎ ದ್ರಾವಣ ಹನಿ ಹನಿಯಾಗಿ ಬಿಡುತ್ತಾ ಅಲ್ಲಾಡಿಸುತ್ತಿದ್ದರೆ ಕೊನೆಗೊಂದು ಹನಿಗೆ ಅಷ್ಟೂ ನೀರು ನೀಲಿ. ಎಷ್ಟು ಹನಿ ಬೇಕಾಯಿತೋ ಅಷ್ಟು ಗಡಸು. ಗಡಸು ತೆಗೆಯುವ ಸಾಫ್ಟನರಿಂದ ಬಂದ ನೀರಿಗೆ ಒಂದು ಹನಿಯೂ ಬೇಕಿರಲಿಲ್ಲ, ಇಂಡಿಕೇಟರ್ ಹಾಕಿದಾಗಲೇ ನೀಲಿ. ಆ ಸಾಫ್ಟನರ್ ಒಳಗೆ ಇದ್ದದ್ದು ಜಿಯೋಲೈಟ್ ಅಲ್ಲ, ರೆಸಿನ್ ಅನ್ನೋ ಪ್ಲಾಸ್ಟಿಕ್ಕಿನಂಥ ಮಣಿ. ಹಿಂದೆ ಈ ಕೆಲಸಕ್ಕೆ ಜಿಯೋಲೈಟೇ ಬಳಸುತ್ತಿದ್ದರು, ಕೆಮಿಸ್ಟ್ರಿ ಓದಿದವರಿಗೆ ಪರ್ಮ್ಯುಟಿಟ್ ಅಂದರೆ ನೆನಪಾಗಬಹುದು. ಅದೂ ತಯಾರಿಸಿದ ಜಿಯೋಲೈಟು, ನೆಲದಿಂದ ಅಗೆದದ್ದಲ್ಲ.

ಅಗೆದು ತೆಗೆದ ಜಿಯೋಲೈಟ್ ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳಿವೆ. 1756ರಲ್ಲಿ ಸ್ವೀಡನ್ನಿನ ಖನಿಜ ವಿಜ್ಞಾನಿ ಕ್ರಾನ್‌ಸ್ಟೆಡ್ ಆ ಕಲ್ಲನ್ನು ಕಾಯಿಸಿದಾಗ ಗೂಡಲ್ಲಿದ್ದ ನೀರು ನೊರೆಯೆದ್ದು ಆವಿಯಾಯಿತು. ಅದಕ್ಕೇ ಗ್ರೀಕ್ ಪದ ಸೇರಿಸಿ ‘ಕುದಿಯುವ ಕಲ್ಲು’ ಅನ್ನೋ ಅರ್ಥದ ಈ ಹೆಸರಿಟ್ಟರು. ಆ ಗೂಡಿನ ಗೋಡೆಗೆ ಋಣ ವಿದ್ಯುದಂಶ ಇದೆ. ಹಾಗಾಗಿ ಧನ ವಿದ್ಯುದಂಶದ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಲ್ಲಿ ಕೂತಿರುತ್ತವೆ. ನೀರು ಹರಿದಾಗ ಒಂದು ಎದ್ದು ಹೋಗಿ ಇನ್ನೊಂದಕ್ಕೆ ಜಾಗ ಕೊಡುತ್ತೆ. ನೀರಿನ ಕೆಲಸಕ್ಕೆ ಹೆಚ್ಚಾಗಿ ಬಳಸುವ ಜಾತಿ ಕ್ಲೈನಾಪ್ಟಿಲೊಲೈಟ್. ಅದಕ್ಕೆ ಪೊಟ್ಯಾಸಿಯಂ, ಅಮೋನಿಯಂ ಕಂಡರೆ ಬಲು ಪ್ರೀತಿ, ಸೀಸವನ್ನೂ ಚೆನ್ನಾಗಿ ಹಿಡಿಯುತ್ತೆ. ಗಡಸುತನದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರ ಸಾಲಿನಲ್ಲಿ ತೀರಾ ಹಿಂದೆ.

ಫ್ಲೋರೈಡ್ ಮತ್ತು ನೈಟ್ರೇಟ್ ಎರಡಕ್ಕೂ ಋಣ ವಿದ್ಯುದಂಶ. ಅವನ್ನು ಆ ಗೋಡೆ ಹತ್ತಿರವೇ ಸೇರಿಸಲ್ಲ. ಮೇಲ್ಮೈಗೆ ಬೇರೆ ರಾಸಾಯನಿಕ ಲೇಪಿಸಿದ ಜಿಯೋಲೈಟ್ ಸ್ವಲ್ಪ ಹಿಡಿದೀತು, ನಿಮಗೆ ಮಾರುತ್ತಿರುವ ಬರೀ ಕಲ್ಲು ಹಿಡಿಯಲ್ಲ. ನಮ್ಮ ಕಡೆ ಕಬ್ಬಿಗೂ ಭತ್ತಕ್ಕೂ ಸುರಿಯುವ ಯೂರಿಯಾ ಮಣ್ಣಲ್ಲಿ ನೈಟ್ರೇಟ್ ಆಗಿ ಕೆಳಗಿಳಿಯುತ್ತೆ. ಗ್ರಾನೈಟ್, ನೈಸ್ ಬಂಡೆ ಕೊರೆದು ತೆಗೆದ ನೀರಿಗೆ ಫ್ಲೋರೈಡ್ ಆ ಬಂಡೆಯಿಂದಲೇ ಬರುತ್ತೆ. ಹೀಗಿರುವಾಗ ಬೋರ್ ನೀರು ಕುಡಿಯುವವರು ಮೊದಲು ಹೆದರಬೇಕಾದ್ದು ಇವೆರಡಕ್ಕೆ, ಇವೆರಡಕ್ಕೇ ಆ ಫಿಲ್ಟರ್ ಉಪಯೋಗಕ್ಕೆ ಬರಲ್ಲ.

ಗಡಸುತನದ ಲೆಕ್ಕ ನೀವೇ ಹಾಕಿ ನೋಡಿ. ನಿಮ್ಮ ನೀರಲ್ಲಿ ಲೀಟರಿಗೆ 600 ಮಿಲಿಗ್ರಾಂ ಗಡಸು ಇದೆ ಅಂತಿಟ್ಟುಕೊಳ್ಳಿ, ಅದು ವಿದ್ಯುದಂಶದ ಲೆಕ್ಕದಲ್ಲಿ ಲೀಟರಿಗೆ 12 ಮಿಲಿಈಕ್ವಿವಲೆಂಟ್. ಒಂದು ಕೆಜಿ ಕ್ಲೈನಾಪ್ಟಿಲೊಲೈಟ್ ಹೆಚ್ಚೆಂದರೆ 2000 ಹಿಡಿಯಬಹುದು, ಅದೂ ಕಾಗದದ ಮೇಲೆ. ಪೂರ್ತಿ ಹಿಡಿಯಿತು ಅಂತಲೇ ಇಟ್ಟುಕೊಂಡರೂ 166 ಲೀಟರಿಗೆ ಅದರ ಶಕ್ತಿ ಮುಗಿಯಿತು. ದಿನಕ್ಕೆ 20 ಲೀಟರ್ ಬಳಸಿದರೆ ಎಂಟು ದಿನ. ಆಮೇಲೆ ಉಪ್ಪುನೀರು ಹಾಯಿಸಿ ರೀಚಾರ್ಜ್ ಮಾಡಬೇಕು. ಕ್ಯಾಲ್ಸಿಯಂ ಹೋದ ಜಾಗಕ್ಕೆ ನೀರಿಗೆ ಬರುವುದು ಸೋಡಿಯಂ, 12 ಪೂರ್ತಿ ಬದಲಾದರೆ ಲೀಟರಿಗೆ 276 ಮಿಲಿಗ್ರಾಂ. ಮನೆಯಲ್ಲಿ ಬಿಪಿ ಇರುವವರಿದ್ದರೆ ಅವರಿಗೆ ಅದು ಬೇಡದ ಉಪ್ಪು. ಟಿಡಿಎಸ್ ಮೀಟರ್ ಮಾತ್ರ ಆಗಲೂ ಹೆಚ್ಚುಕಡಿಮೆ 900 ಅಂತಲೇ ತೋರಿಸುತ್ತೆ.

ಇನ್ನು ಅಣ್ಣನ ಬಾವಿಯ ವಿಷಯ. ಅವರದು ಪಾಂಡವಪುರದ ಹತ್ತಿರ, ನಾಲೆ ಬಯಲು. ನಾಲೆಗೆ ನೀರು ಬಿಟ್ಟರೆ ಬಾವಿ ನೀರು ಕೈಗೆಟುಕುವಷ್ಟು ಮೇಲೆ ಬರುತ್ತೆ. ಒಂದು ವರ್ಷ ಅತ್ತಿಗೆ ಫೋನ್ ಮಾಡಿ, ‘ನೀರು ಒಂಥರಾ ಇದೆ ಕಣಪ್ಪ, ಎಷ್ಟು ಬ್ಲೀಚಿಂಗ್ ಪುಡಿ ಹಾಕಿದ್ರೂ ಅದರ ವಾಸನೆ ನಿಲ್ಲಲ್ಲ’ ಅಂದರು. ಹೋಗಿ ನೋಡಿದೆ. ಬಾವಿಯಿಂದ ಹತ್ತು ಹೆಜ್ಜೆಗೆ ಕೊಟ್ಟಿಗೆ, ಅದರ ಗಂಜಲದ ಗುಂಡಿ ಬಾವಿ ಕಡೆಗೇ. ನೀರು ಪರೀಕ್ಷೆ ಕಿಟ್ಟಿನ ನೆಸ್ಲರ್ ಹನಿ (ಅಮೋನಿಯಾ ಇದ್ದರೆ ಹಳದಿಯಾಗುವ ದ್ರಾವಣ) ಬಿಟ್ಟ ಕೂಡಲೇ ನೀರು ದಟ್ಟ ಹಳದಿ, ಅಮೋನಿಯಾ ಲೀಟರಿಗೆ 3 ಮಿಲಿಗ್ರಾಂ ಹತ್ತಿರ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 0.5 ದಾಟಬಾರದು. ಪುಡಿ ಯಾಕೆ ನಿಲ್ಲುತ್ತಿರಲಿಲ್ಲ ಅನ್ನೋದೂ ಆಗ ತಿಳಿಯಿತು. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ಇದ್ದರೆ ಏಳೆಂಟು ಮಿಲಿಗ್ರಾಂ ಕ್ಲೋರಿನ್ ಅದಕ್ಕೇ ಖರ್ಚಾಗುತ್ತೆ. ಕ್ರಿಮಿ ಕೊಲ್ಲೋದಕ್ಕೆ ಉಳಿಯೋದೇ ಇಲ್ಲ.

ಇದು ಜಿಯೋಲೈಟಿಗೆ ಹೇಳಿ ಮಾಡಿಸಿದ ಕೆಲಸ. 25 ಕೆಜಿ ಚೀಲ ತರಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮೊದಲು ನೀರು ಚಿಮುಕಿಸಿ ಆಮೇಲೆ ಬಕೆಟ್ಟಿಗೆ ಸುರಿದೆ. ಮೊದಲ ಬಕೆಟ್ ನೀರು ಅಕ್ಕಿ ತೊಳೆದ ಕಲಗಚ್ಚಿನ ಹಾಗೆ ಬೆಳ್ಳಗೆ, ಏಳನೇ ಬಕೆಟ್ಟಿಗೆ ತಿಳಿಯಾಯಿತು. ಡ್ರಮ್ಮಿನ ತಳಕ್ಕೆ ಜಲ್ಲಿ, ಅದರ ಮೇಲೆ ದಪ್ಪ ಮರಳು, ಮೇಲೆ ಜಿಯೋಲೈಟ್. ನೀರು ನಿಧಾನಕ್ಕೆ ಇಳಿಯುವ ಹಾಗೆ ನಲ್ಲಿ ಸಣ್ಣಗೆ ಬಿಟ್ಟೆವು. ಸಂಜೆ ನೆಸ್ಲರ್ ಹನಿ ಹಾಕಿದರೆ ಬಣ್ಣವೇ ಬರಲಿಲ್ಲ. ರಾಡಿಯೂ ಮರಳಿಗಿಂತ ಚೆನ್ನಾಗಿ ನಿಂತಿತ್ತು. ಅತ್ತಿಗೆ ಲೋಟ ತುಂಬಿಸಿ ಬೆಳಕಿಗೆ ಹಿಡಿದು ನೋಡಿ ನಕ್ಕರು. ನನಗೂ ಖುಷಿ.

ಬರುವ ಮುಂಚೆ, ಇರಲಿ ಅಂತ, ಕಿಟ್ಟಲ್ಲಿದ್ದ ಬ್ಯಾಕ್ಟೀರಿಯಾ ಪರೀಕ್ಷೆಯ ಎಚ್‌2ಎಸ್ ಬಾಟಲಿಗೆ ಆ ತಿಳಿನೀರು ತುಂಬಿಸಿ ಅಡುಗೆಮನೆ ಗೂಡಲ್ಲಿಟ್ಟೆ. ಮಾರನೇ ದಿನ ಬೆಳಿಗ್ಗೆ ಅಣ್ಣ ಫೋನ್ ಮಾಡಿದ: ಬಾಟಲಿ ಕಾಡಿಗೆ ಥರ ಕಪ್ಪಗಾಗಿದೆ. ಅಂದರೆ ಸಗಣಿ-ಮಲದ ಬ್ಯಾಕ್ಟೀರಿಯಾ ಹಾಗೇ ಇಳಿದು ಬಂದಿವೆ. ಆ ನೀರನ್ನು ಹಿಂದಿನ ದಿನ ಮಕ್ಕಳಿಗೆ ಕೊಡುವುದರಲ್ಲಿದ್ದೆವು. ಅಮೋನಿಯಾ ಅನ್ನೋದು ಬಾವಿಗೆ ಹೊಲಸು ಸೇರುತ್ತಿದೆ ಅಂತ ನಮ್ಮನ್ನು ಎಚ್ಚರಿಸುತ್ತಿತ್ತು. ನಾನು ಆ ಎಚ್ಚರಿಕೆಯನ್ನು ಸೋಸಿ ತೆಗೆದು ಹೊಲಸನ್ನು ಉಳಿಸಿದ್ದೆ. ಆ ಕಪ್ಪು ಬಾಟಲಿ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಗಂಜಲದ ಗುಂಡಿಯನ್ನು ಹಿತ್ತಲ ಆ ತುದಿಗೆ ಸಾಗಿಸಿದೆವು, ಬಾವಿಗೆ ಕಟ್ಟೆ ಎತ್ತರಿಸಿದೆವು. ಜಿಯೋಲೈಟ್ ಈಗಲೂ ಇದೆ. ಅದರಿಂದ ಇಳಿದ ನೀರಿಗೆ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಟ್ಟರೆ ಈಗ ಸ್ವಲ್ಪ ಪುಡಿಯೇ ಸಾಕು, 0.2 ಮಿಲಿಗ್ರಾಂ ಉಳಿದಿರುತ್ತೆ. ಕುಡಿಯೋದಕ್ಕೆ ಮತ್ತೆ ಕುದಿಸುತ್ತಾರೆ. ಐದಾರು ತಿಂಗಳಿಗೊಮ್ಮೆ ಹತ್ತು ಲೀಟರಿಗೆ ಅರ್ಧ ಕೆಜಿ ಕಲ್ಲುಪ್ಪಿನ ಲೆಕ್ಕದಲ್ಲಿ ಉಪ್ಪುನೀರು ಮಾಡಿ, ಹಾಯಿಸಿ ರೀಚಾರ್ಜ್ ಮಾಡುತ್ತೇವೆ. ಹಾಗೆ ಮಾಡದೆ ನಿಂತ ನೀರಲ್ಲಿ ಬಿಟ್ಟರೆ ಆ ಕಲ್ಲಿನ ಮೇಲೇ ಬ್ಯಾಕ್ಟೀರಿಯಾ ಮನೆ ಮಾಡಿ, ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡಿ ನೀರಿಗೆ ಬಿಡುತ್ತವೆ.

ಚೀಲದ ಬಗ್ಗೆ ಇನ್ನೊಂದು ಮಾತು. ಬರೀ ‘ನೈಸರ್ಗಿಕ ಜಿಯೋಲೈಟ್’ ಅಂತ ಬರೆದಿದ್ದರೆ ಯಾವ ಖನಿಜ ಅಂತ ಕೇಳಿ. ಪುಣೆ, ನಾಸಿಕ್ ಕಡೆಯ ಕಪ್ಪು ಬಂಡೆಯಲ್ಲಿ ಸಿಗುವ ಚೆಂದದ ಹರಳುಗಳು ಹೆಚ್ಚಾಗಿ ಸ್ಟಿಲ್ಬೈಟ್, ಹ್ಯೂಲಾಂಡೈಟ್ ಅನ್ನೋ ಬೇರೆ ಜಿಯೋಲೈಟುಗಳು, ಕ್ಲೈನಾಪ್ಟಿಲೊಲೈಟ್ ಅಲ್ಲ. ಎರಿಯೊನೈಟ್ ಅನ್ನೋ ನಾರಿನಂಥ ಜಿಯೋಲೈಟ್ ಜಾತಿಯ ಧೂಳು ಕ್ಯಾನ್ಸರ್ ತರುತ್ತೆ. ಟರ್ಕಿಯ ಕಪ್ಪಡೋಕಿಯದ ಕೆಲವು ಹಳ್ಳಿಗಳಲ್ಲಿ ಜನ ಅದರಿಂದಲೇ ಸತ್ತಿದ್ದಾರೆ. ಮೀನು, ಸಿಗಡಿ ಕೊಳಕ್ಕೆ ಹಾಕುವ ಪುಡಿಯನ್ನಂತೂ ಕುಡಿಯುವ ನೀರಿಗೆ ತರಬೇಡಿ.

ನೀವು ಮಾಡಬೇಕಾದ್ದು ಇಷ್ಟು. ಮಂಡ್ಯದಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯವಿದೆ, ನೀರು ಕೊಟ್ಟು ಪರೀಕ್ಷೆ ಮಾಡಿಸಿ. ಫ್ಲೋರೈಡ್, ನೈಟ್ರೇಟ್, ಗಡಸುತನ, ಅಮೋನಿಯಾ, ಬ್ಯಾಕ್ಟೀರಿಯಾ, ಈ ಐದನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ. ಬ್ಯಾಕ್ಟೀರಿಯಾಕ್ಕೆ ಬೇರೆ ಬಾಟಲಿ ಅವರೇ ಕೊಡುತ್ತಾರೆ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆರ್‌ಒ ಇಲ್ಲವೇ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಬೇಕು. ನೈಟ್ರೇಟ್ 45 ಮಿಲಿಗ್ರಾಂ ದಾಟಿದ್ದರೆ ಆರ್‌ಒ. ಅದು ಚೆಲ್ಲುವ ನೀರನ್ನು ಪಾತ್ರೆ ತೊಳೆಯಲು, ಕಕ್ಕಸಿಗೆ ಬಳಸಿ. ಬರೀ ಗಡಸು ಜಾಸ್ತಿ, ಉಳಿದದ್ದೆಲ್ಲ ಸರಿ ಅಂತ ಬಂದರೆ ಅಷ್ಟು ಗಾಬರಿ ಬೇಡ, ಬೇಳೆ ಬೇಯೋದು ತಡವಾಗುತ್ತೆ ಅಷ್ಟೇ. ಅಮೋನಿಯಾ ಬಂದರೆ ಮಾತ್ರ ಜಿಯೋಲೈಟ್ ಮಾತಾಡೋಣ, ಅದಕ್ಕೂ ಮೊದಲು ಬೋರ್ ಸುತ್ತ ಏನಿದೆ ಅಂತ ನೋಡಿ ಬರೆಯಿರಿ.

ರಿಪೋರ್ಟ್ ಬರುವವರೆಗೆ ಕೂಸಿಗೆ ತಾಯಿ ಹಾಲು ಬಿಟ್ಟು ಪುಡಿ ಹಾಲು ಕಲಸುತ್ತಿದ್ದರೆ, ಆ ಬೋರ್ ನೀರಿನಲ್ಲಿ ಕಲಸಬೇಡಿ. ಕುದಿಸಿದರೂ ಬೇಡ. ನೈಟ್ರೇಟ್ ಇದ್ದರೆ ಕುದಿಸಿದಷ್ಟೂ ನೀರು ಆವಿಯಾಗಿ ಅದು ಇನ್ನೂ ಸಾಂದ್ರವಾಗುತ್ತೆ, ಅಷ್ಟು ಚಿಕ್ಕ ಕೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದು, ಅದನ್ನೇ ಕುದಿಸಿ ಆರಿಸಿ ಬಳಸಿ.